ಹುಣಸೆ ಬೀಜದ ಚೀಲಗಳು

ಬಾಗೂರು ಹತ್ತಿರದ ಹಟ್ಟಿ
೧೨-೨-೧೯೭೫

ಚಿ. ಸೌ. ಜಯಕ್ಕನಿಗೆ ನಿನ್ನ ಅಪ್ಪ ಎತ್ತಪ್ಪ ಮಾಡುವ ಆಶೀರ್ವಾದ.

ನಾವು, ಕುರಿ, ನಾಯಿ ಎಲ್ಲರೂ ಸುಖವಾಗಿದ್ದೇವೆ. ಅಳಿಯ ಕರಿಯಣ್ಣನವರೂ ನೀನೂ ದುರ್ಗದಲ್ಲಿ ಹಾಗೇ ಇದ್ದೀರೆಂದು ನಂಬಿದ್ದೇನೆ. ಹತ್ತು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲ, ತಪ್ಪಾಯಿತು. ನಿನ್ನ ಕಾಗದಗಳೆಲ್ಲ ಅವ್ವನ ಹೆಸರಿಗೇ ಬರುತ್ತವೆ. ಓದಿ ಹೇಳುವವನು ಮಾತ್ರ ನಾನೇ. ನನ್ನ ಹೆಸರು ಎಲ್ಲಾದರೂ ಬರುತ್ತದೇನೋ ಎಂದು ಕೊನೆಯ ತನಕ ಓದುತ್ತೇನೆ.

ಈಗ ಊರ ವಿಷಯ. ಹೋದ ವಾರ ಸರ್ಕಾರದವರು ಜೀಪಿನಲ್ಲಿ ಬಂದು ನಮ್ಮ ಕಾವಲಿನ ಸುತ್ತ ಸುಣ್ಣ ಬಳಿದ ಕಲ್ಲು ನೆಟ್ಟರು. ತಾಲ್ಲೂಕಿನ ಐದು ವರ್ಷದ ಯೋಜನೆಯಲ್ಲಿ ಕುರಿ ಮೇಯುವ ಆ ನೆಲವೆಲ್ಲ ನೀಲಗಿರಿ ತೋಪಾಗುವುದಂತೆ. ಕುರಿ ಆಸ್ಪತ್ರೆ, ಉಣ್ಣೆ ಸೊಸೈಟಿ ಎರಡೂ ಬೇರೆ ಹೋಬಳಿಗಂತೆ. ನಾನು ಜಗಳಕ್ಕೆ ನಿಂತೆ. ಸಾಹೇಬರು ಸಿಟ್ಟಾಗದೆ ಒಂದು ಹಾಳೆ ತೆಗೆದು ತೋರಿಸಿದರು. ಮೂವತ್ತೊಂದು ಮನೆಗೆ ಒಟ್ಟು ನಾನೂರ ಹತ್ತು ಕುರಿ, ಎತ್ತಪ್ಪನ ಮನೆಯಲ್ಲಿ ಇಪ್ಪತ್ತು, ಕೆಳಗೆ ನನ್ನದೇ ರುಜು.

“ನೀವೇ ಹೇಳಿದ್ದಲ್ವಾ? ಇಷ್ಟು ಕುರಿಗೆ ಅಷ್ಟು ದೊಡ್ಡ ಕಾವಲು ಯಾಕ್ರಿ?” ಎಂದರು.

ಆ ಹಾಳೆ ನಿನ್ನ ಕೈಬರಹ. ಹೋದ ಯುಗಾದಿ ಆದ ಮೇಲೆ ಗ್ರಾಮಸೇವಕಿಯಾಗಿ ನೀನೇ ಬಂದು ಕೇಳಿದ್ದೆ. ಕುರಿಯನ್ನು ಬಾಯಿಬಿಟ್ಟು ಎಣಿಸಿದರೆ ಹಿಂಡು ಕರಗುತ್ತದೆ ಎಂಬ ನಮ್ಮ ಕಟ್ಟಳೆ ನಿನಗೆ ಗೊತ್ತೇ ಇದೆ. ಒಂದು ಕುರಿ ತಪ್ಪಿದರೂ ನಾವು ಮುಖ ನೋಡಿ ಹೇಳುವವರು, ಎಣಿಸಿ ಅಲ್ಲ. ಅದಕ್ಕೇ ಎಲ್ಲರೂ ಬಾಯಿಗೆ ಬಂದಷ್ಟು ಕಡಿಮೆ ಹೇಳಿದೆವು, ನೀನು ತಲೆ ತಗ್ಗಿಸಿ ಬರೆದುಕೊಂಡೆ.

ನಾನು ಸುಮ್ಮನೆ ಕೂರಲಿಲ್ಲ, ಜಯಕ್ಕ. ಹಟ್ಟಿಯವರನ್ನೆಲ್ಲ ಕೂಡಿಸಿ ಸರಿಯಾದ ಲೆಕ್ಕ ಕೊಡೋಣ ಎಂದೆ. ಮುದ್ದಣ್ಣ ಎದ್ದು ನಿಂತ. “ಎಣಿಸಿ ನನ್ನ ಕುರಿ ಸತ್ರೆ, ನಿನ್ನ ಯೋಜನೆ ಮರಿ ಹಾಕ್ತೈತೇನಪ್ಪ?” ಎಂದ. ಎಲ್ಲರೂ ನಕ್ಕರು. ಸಭೆ ಮುರಿಯುವುದರಲ್ಲಿತ್ತು.

ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ನಿಮ್ಮವ್ವ ತಲೆ ಎತ್ತದೆಯೇ ಹೇಳಿದಳು: “ಬಾಯಾಗೆ ಎಣಿಸಬಾರ್ದು ತಾನೆ? ಕೈಗೇನು ಬಂದೈತೆ?”

ಮಾರನೆಯ ಬೆಳಿಗ್ಗೆಯೇ ಶುರು ಮಾಡಿದೆವು. ಕುರಿ ಕೂಡುವ ರೊಪ್ಪದ ಬಾಗಿಲಿಂದ ಅವು ಒಂದೊಂದೇ ಹೊರಗೆ ಬರುವಾಗ ಒಂದೊಂದು ಹುಣಸೆ ಬೀಜ ಚೀಲಕ್ಕೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮೂರು ದಿನದಲ್ಲಿ ಮೂವತ್ತೊಂದು ಮನೆಗೆ ಮೂವತ್ತೊಂದು ಚೀಲವಾಯಿತು. ಮುದ್ದಣ್ಣನ ಚೀಲವನ್ನು ಎತ್ತಿ ನೋಡಿದೆ, ಕಳ್ಳ, ನಮ್ಮದಕ್ಕಿಂತ ಭಾರವಾಗಿದೆ!

ಬರುವ ಸೋಮವಾರ ದುರ್ಗದ ನಿಮ್ಮ ಕಚೇರಿಯಲ್ಲಿ ಯೋಜನೆಯ ಸಭೆ ಇದೆಯಂತೆ. ಹೊಸದುರ್ಗದಿಂದ ಮೊದಲ ಬಸ್ಸಿಗೆ ಚೀಲಗಳನ್ನು ಹೇರಿಕೊಂಡು ನಾನೂ ಮುದ್ದಣ್ಣನೂ ಬರುತ್ತೇವೆ. ಸಾಹೇಬರ ಮೇಜಿನ ಮೇಲೆ ಸುರಿಯುತ್ತೇವೆ, ಅವರು ಎಣಿಸಿಕೊಳ್ಳಲಿ. ನಂಬಿಕೆಯಿಲ್ಲದಿದ್ದರೆ ರೊಪ್ಪದ ಬಾಗಿಲಿಗೇ ಬಂದು ನಿಲ್ಲಲಿ. ಕಲ್ಲು ಕೀಳಿಸದೆ ನಾನು ಹಿಂದಿರುಗುವುದಿಲ್ಲ. ತಪ್ಪು ಲೆಕ್ಕ ಬರೆದಳೆಂದು ನಿನ್ನನ್ನು ಯಾರಾದರೂ ಅಂದರೆ, ಸುಳ್ಳು ಹೇಳಿದವನು ನಾನೆಂದು ಅವರ ಮುಂದೆಯೇ ಹೇಳುತ್ತೇನೆ.

ನೂರು ಕಾಲ ಮುತ್ತೈದೆಯಾಗಿ ಬಾಳು. ಅಳಿಯಂದಿರಿಗೆ ನನ್ನ ಶರಣು ತಿಳಿಸು.

ಇಂತಿ ನಿನ್ನ ಅಪ್ಪ,
ಎತ್ತಪ್ಪ

ತಾ.ಕ.: ಅಂದು ನೀನು, “ಅಪ್ಪ, ನಿಜ ಹೇಳು, ಕಾವಲು ಉಳಿಯೋದು ಇದ್ರ ಮ್ಯಾಲೆ ಐತೆ” ಎಂದೆ. ನಾನು ಹಟ್ಟಿಯವರೆಲ್ಲರ ಮುಂದೆ, “ಕೊಟ್ಟ ಹೆಣ್ಣು ನೀನು, ಈ ಮನೆ ಕುರಿ ಲೆಕ್ಕ ನಿನಗ್ಯಾಕೆ?” ಎಂದುಬಿಟ್ಟೆ. ನೀನು ನೀರೂ ಕುಡಿಯದೆ ಬಸ್ಸು ಹತ್ತಿದೆ. ದೀಪಾವಳಿಗೂ ಬರಲಿಲ್ಲ. ನಮ್ಮ ಮನೆಯ ಚೀಲಕ್ಕೆ ಹೊಲಿಗೆ ಹಾಕಿದ್ದೇನೆ, ಸಾಹೇಬರಿಗೆ ಕೊಡುವುದಿಲ್ಲ. ಅದನ್ನು ನೀನೇ ಬಿಚ್ಚಿ ಎಣಿಸಿ ಲೆಕ್ಕಕ್ಕೆ ಸೇರಿಸು. ಮದುವೆಯಲ್ಲಿ ನಿನಗೆಂದು ಬಿಟ್ಟ ಕುರಿ ಮರಿ ಮೇಲೆ ಮರಿ ಹಾಕಿದೆ. ಅವುಗಳ ಬೀಜಕ್ಕೆ ಸುಣ್ಣ ಹಚ್ಚಿದ್ದೇನೆ. ಅವು ಎಷ್ಟಿವೆ ಎಂದು ನನಗೆ ಗೊತ್ತಿಲ್ಲ, ನೀನು ಹೇಳಬೇಕು.