ಪಂಪಿನ ಮೂರು ಸ್ಥಿತಿಗಳು

ರಾಮದುರ್ಗ, ಸೋಮವಾರ

ಮಗಳೇ ಪೂನಮ್,

ನಾಳೆಯಿಂದ ನಿಮ್ಮಪ್ಪನ ಜಾಗದಲ್ಲಿ ನದಿಯ ನೀರೆತ್ತುವ ಪಂಪು ನೋಡಿಕೊಳ್ಳುವವಳು ನೀನು. ಕೆಲಸ ತಿಳಿಸಿಕೊಡು ಎಂದು ಕೇಳಿದ್ದೀಯ.

ಪಂಪಿಗೆ ಮೂರೇ ಸ್ಥಿತಿ: ನಿಂತಿರುತ್ತದೆ, ಓಡುತ್ತಿರುತ್ತದೆ, ಇಲ್ಲವೇ ರಿಪೇರಿಗೆ ಬಿಚ್ಚಿರುತ್ತದೆ. ಗುಂಡಿ ಒತ್ತಿದರೆ ನಿಂತದ್ದು ಓಡುತ್ತದೆ, ಓಡುವುದು ನಿಲ್ಲುತ್ತದೆ. ನಿಂತದ್ದನ್ನು ಮಾತ್ರ ಬಿಚ್ಚಬೇಕು. ಬಿಚ್ಚಿದ ಸ್ಥಿತಿಯಿಂದ ನೇರವಾಗಿ ಓಟಕ್ಕೆ ದಾರಿಯೇ ಇರಬಾರದು.

ಅಂದು ಆ ದಾರಿ ತೆರೆದೇ ಇತ್ತು. ಅಣ್ಣ, ಅಂದರೆ ನಿಮ್ಮಪ್ಪ, ಪಂಪು ಬಿಚ್ಚಿ ಒಳಗೆ ಕೈ ಹಾಕಿದ್ದ. ಹೊರಗೆ ರೈತರು, "ಜಲ್ದಿ ನೀರ ಬಿಡ್ರಿ" ಎಂದು ಕೂಗುತ್ತಿದ್ದರು. ಪಂಪು ಬರೀ ನಿಂತಿದೆಯೆಂದು ತಿಳಿದು ನಾನು ಗುಂಡಿ ಒತ್ತಿದೆ. ಅವನು ಉಳಿಯಲಿಲ್ಲ. "ವೈನಿ, ಅದು ತಾನ ಚಾಲೂ ಆತು" ಎಂದು ನಿಮ್ಮವ್ವನಿಗೆ ಸುಳ್ಳು ಹೇಳಿದೆ.

ಬಿಚ್ಚುವ ಮೊದಲು ಸ್ವಿಚ್ಚಿಗೆ ಬೀಗ ಹಾಕು. ಚಾವಿ ಯಾರಿಗೂ ಕೊಡಬೇಡ, ನನಗೂ.

ನಿನ್ನ ಕಾಕಾ,
ನೀಲಪ್ಪ