ಮುಚ್ಚಳ ಹಾಕಿದ ಕ್ಯಾಮೆರಾ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ಈ ಸಲದ ತಪಾಸಣೆಯಲ್ಲಿ ಎಲ್ಲ ಸರಿಯಿದೆ ಎಂದು ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. ಕೇಳಿ ಜೀವ ತಣ್ಣಗಾಯಿತು. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಬೈಯಬೇಡ. ಬೈಯಲೇಬೇಕು ಎನಿಸಿದರೆ ಚೀಟಿಯಲ್ಲಿ ಬರೆದು ಬೈ.

ಡಾಕ್ಟರು ನಿನ್ನ ಧ್ವನಿಪೆಟ್ಟಿಗೆ ತೆಗೆದಾಗ ಮೊಮ್ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಈಗ ಅವಳು ‘ತಾತ ಹುಟ್ಟಿದಾಗಿಂದ ಮೂಗನಾ?’ ಎಂದು ಕೇಳಿದಳೆಂದು ಬರೆದಿದ್ದೆ. ಅದರ ಕೆಳಗೆ, ‘ಹಳೇ ಟೇಪುಗಳೆಲ್ಲ ನಿನ್ನ ಹತ್ತಿರವೇ ಇವೆ ಅಕ್ಕ, ಎಲ್ಲಾದರೂ ನನ್ನ ದನಿ ಇದ್ದರೆ ಹುಡುಕಿಕೊಡು’ ಎಂದು ಒಂದು ಸಾಲು. ಆ ಸಾಲು ನನ್ನನ್ನು ನಿಂತಲ್ಲಿ ನಿಲ್ಲಲು ಬಿಡಲಿಲ್ಲ. ಆಮೇಲೆ ಕೂತಲ್ಲಿಂದ ಏಳಲೂ ಬಿಡಲಿಲ್ಲ.

ಟೇಪುಗಳ ಜೊತೆ ಇಲ್ಲೇ ಉಳಿದಿದ್ದ ನಿನ್ನ ಕ್ಯಾಮೆರಾದ ವೈರು ಸಿಕ್ಕಿಸಲು ಹೊಸ ಕಂಪ್ಯೂಟರಿನಲ್ಲಿ ಕಿಂಡಿಯೇ ಇಲ್ಲ. ಅಳಿಯ ಅಟ್ಟದ ಮೇಲಿದ್ದ ಹಳೆಯದನ್ನು ಇಳಿಸಿ, ಅದನ್ನು ಓಡಿಸಲು ಲಿನಕ್ಸ್ ಅಂತ ಅದೇನೋ ಹಾಕಿ, ನನ್ನ ಹೊಲಿಗೆ ಮೇಜಿನ ಮೇಲೆ ಕೂರಿಸಿಕೊಟ್ಟ. ‘ಇದಕ್ಕೆ ಗುಂಡಿ ಒತ್ತೋದಿಲ್ಲ ಅತ್ತೆ, ಒಂದು ಸಾಲು ಟೈಪ್ ಮಾಡ್ಬೇಕು’ ಅಂದ. ಮಾಡಿದೆ. ಕ್ಯಾಮೆರಾ ಮುಟ್ಟಲು ನನಗೆ ಅನುಮತಿ ಇಲ್ಲವೆಂದು ಬಂತು! ‘ನನ್ನ ಮನೆ, ನನ್ನ ಮೇಜು, ನನ್ನ ತಮ್ಮನ ಕ್ಯಾಮೆರಾ. ಅನುಮತಿ ಕೊಡೋಕೆ ಇದ್ಯಾವ ದೊಣ್ಣೆನಾಯಕ?’ ಅಂದೆ. ಅವನು ನಗುತ್ತಾ ನನ್ನ ಹೆಸರನ್ನು ಅದರೊಳಗೆ ಎಲ್ಲೋ ಸೇರಿಸಿದ. ಆಮೇಲೆ ಒಪ್ಪಿಕೊಂಡಿತು.

ಟೇಪಿಗೆ ಅವಸರ ತಿಳಿಯದು ಕಣೋ. ಒಂದು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿಯಲು ಒಂದು ಗಂಟೆಯೇ ಬೇಕು. ನಡುವೆ ಬೇರೆ ಕೆಲಸ ಕೊಟ್ಟರೆ ಚಿತ್ರದ ಚೂರುಗಳನ್ನು ಉದುರಿಸಿಬಿಡುತ್ತದೆ. ಒಲೆಯ ಮೇಲೆ ಹಾಲಿಟ್ಟವಳ ಹಾಗೆ ಕಾದೆ. ಸೊಂಟ ಹಿಡಿಯಿತು, ಕಣ್ಣು ಉರಿಯಿತು. ತೀರಿಕೊಂಡವರೆಲ್ಲ ಬಂದು ಮಾತಾಡಿ ಹೋದರು, ನಿನ್ನ ದನಿ ಮಾತ್ರ ಇಲ್ಲ. ಮದುವೆಗಳ ವಿಡಿಯೋ ತೆಗೆದು ಬದುಕಿದವನು ನೀನು. ಕ್ಯಾಮೆರಾ ಓಡುವಾಗ ತುಟಿ ಬಿಚ್ಚುತ್ತಿರಲಿಲ್ಲ, ಎಲ್ಲ ಕೈಸನ್ನೆ. ಮನೆಯವರನ್ನು ತೆಗೆಯುವಾಗಲೂ ಅದೇ ಶಿಸ್ತು. ‘ಏನಾದ್ರೂ ಮಾತಾಡೋ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ?’ ಎಂದು ಅಮ್ಮ ಗದರುತ್ತಾಳೆ. ಚಿತ್ರದ ಅಂಚಿನಲ್ಲಿ ನಿನ್ನ ಬೆರಳು ಬಂದು, ಆ ಕಡೆ ಸರಿ ಎನ್ನುತ್ತದೆ. ಅಷ್ಟೇ.

ಕೊನೆಯ ಟೇಪಿಗೆ ಬರುವಷ್ಟರಲ್ಲಿ, ಸಿಗಲಿಲ್ಲವೆಂದು ನಿನಗೆ ಹೇಗೆ ಬರೆಯಲಿ ಎಂಬ ಯೋಚನೆಯೇ ಹತ್ತಿತ್ತು.

ಹೊಸ ಟೇಪಿನ ಶುರುವನ್ನು, ಅಲ್ಲಿ ಚಿತ್ರ ಕೆಡುತ್ತದೆಂದು, ನೀನು ನಂಬುತ್ತಿರಲಿಲ್ಲ, ನೆನಪಿದೆಯಾ? ಲೆನ್ಸಿಗೆ ಮುಚ್ಚಳ ಹಾಕಿಯೇ ಸ್ವಲ್ಪ ಓಡಿಸಿ, ಆಮೇಲೆ ಕೆಲಸ ಹಿಡಿಯುತ್ತಿದ್ದೆ. ಬರೀ ಕತ್ತಲೆ ಇಳಿಸಿಕೊಂಡು ಏನು ಮಾಡಲಿ ಎಂದು ನಾನು ಪ್ರತಿ ಟೇಪಿನಲ್ಲೂ ಅದನ್ನು ದಾಟಿಸಿಯೇ ಶುರುಮಾಡಿದ್ದೆ. ಅವತ್ತು ಸುಸ್ತಾಗಿತ್ತು. ದಾಟಿಸಲು ಮರೆತು ನೀರು ಕುಡಿಯಲು ಅಡುಗೆಮನೆಗೆ ಹೋದೆ.

‘ಆ ಬಾಗಿಲು ಹಾಕ್ರೋ, ಗಾಳಿ ಸದ್ದು ಬರುತ್ತೆ’ ಎಂದು ಯಾರೋ ಅಂದರು.

ಹೋಗಿ ಬಾಗಿಲು ಹಾಕಿದೆ. ಹಾಕಿದವಳು ಚಿಲಕದ ಮೇಲೆ ಕೈಯಿಟ್ಟುಕೊಂಡೇ ನಿಂತುಬಿಟ್ಟೆ.

ಪರದೆ ಕಪ್ಪಗಿತ್ತು. ಒಳಗೆ ನೀನು ಮಾತಾಡುತ್ತಿದ್ದೆ. ಕೆಲಸ ಇನ್ನೂ ಶುರುವಾಗಿಲ್ಲವಲ್ಲ, ಬಾಯಿಗೆ ಬೀಗ ಬಿದ್ದಿರಲಿಲ್ಲ! ಎಲ್ಲ ಟೇಪನ್ನೂ ಮತ್ತೆ ಹಿಂದಕ್ಕೆ ಸುತ್ತಿ, ಬಿಟ್ಟಿದ್ದ ಕತ್ತಲೆಯನ್ನಷ್ಟೇ ಇಳಿಸಿಕೊಂಡೆ. ಒಂದರಲ್ಲಿ ಟೀ ಕೇಳುತ್ತೀಯ. ಒಂದರಲ್ಲಿ ಬರೀ ಸೀನು. ಇನ್ನೊಂದರಲ್ಲಿ, ‘ಭಾವ, ಹೊಟ್ಟೆ ಒಳಗೆ ಎಳ್ಕೊಳ್ಳಿ, ಇಲ್ದಿದ್ರೆ ಅಕ್ಕ ಕಾಣಲ್ಲ’ ಎಂದು ನಗುತ್ತೀಯ. ನಿನ್ನ ಭಾವನಿಗೆ ಕೇಳಿಸಿದೆ, ಇನ್ನೂ ಮುಖ ಗಂಟು ಹಾಕಿಕೊಂಡಿದ್ದಾರೆ.

ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಚಿತ್ರ ಬರುತ್ತದೆಂದು ಮೊಮ್ಮಗಳು ಕಾಯುವುದು ಬೇಡ. ನಿನ್ನ ತೊಡೆಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳಲಿ. ನಿನ್ನ ಕೈಸನ್ನೆ ತಿಳಿಯುವ ಜನ ಸದಾ ನಿನ್ನ ಸುತ್ತ ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಸುಖವಾಗಿ ನಿದ್ದೆ ಮಾಡು.

ನಿನ್ನ,
ಅಕ್ಕ

ಮತ್ತೆ ಒಂದು ಮಾತು: ಎಲ್ಲವನ್ನೂ ಅಂದೆ. ಒಂದನ್ನು ಕಳಿಸಿಲ್ಲ. ಅದರಲ್ಲಿ ನೀನು ‘ಮೊಂಡಕ್ಕಾ, ಏ ಮೊಂಡಕ್ಕಾ’ ಎಂದು ಕೂಗುತ್ತೀಯ. ಹಾಗೆ ಕರೆಯಬೇಡವೋ ಎಂದು ಎಷ್ಟು ಬೈದಿದ್ದೆ ನಿನಗೆ! ಈಗ ನಾನು ಅಮ್ಮ, ಅತ್ತೆ, ಅಜ್ಜಿ, ಟೈಲರಮ್ಮ, ಕರೆಯುವವರಿಗೆ ಬರವಿಲ್ಲ. ಆ ಹೆಸರು ಮಾತ್ರ ನಿನ್ನ ಗಂಟಲಿನ ಜೊತೆಗೇ ಹೋಯಿತು. ನೋವುಂಡವನು ನೀನು, ನಿನ್ನೆದುರು ನಾನು ಹೇಗೆ ಅಳಲಿ ಎಂದು ಇಷ್ಟು ದಿನ ಹೇಳಲಿಲ್ಲ. ಆ ಟೇಪಿನ ಹೊತ್ತಿಗೆ ನಾನು ಎಲ್ಲಿದ್ದೆನೋ, ನಿನ್ನ ಕೂಗಿಗೆ ಅದರಲ್ಲಿ ಉತ್ತರವಿಲ್ಲ. ಈಗ ದಿನಾ ಬೆಳಿಗ್ಗೆ ಹೊಲಿಗೆಗೆ ಕೂರುವ ಮುಂಚೆ ಅದನ್ನು ಹಾಕಿಕೊಳ್ಳುತ್ತೇನೆ. ನೀನು ಕೂಗುತ್ತೀಯ. ನಾನು ‘ಓ’ ಅನ್ನುತ್ತೇನೆ.