ಒಂಟಿಯಾಗಿ ಇರಕೂಡದು

ಇರ್ವಿಂಗ್
ನವೆಂಬರ್ 16, 2025, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ನಾಗಮಣಿಯ ನಮಸ್ಕಾರಗಳು. ನಿನ್ನ ನಾಲ್ಕು ಕಾಗದಗಳೂ ಮೇಜಿನ ಮೇಲೆಯೇ ಇವೆ. ಇಷ್ಟು ತಿಂಗಳು ಉತ್ತರ ಬರೆಯದ್ದಕ್ಕೆ ಬೈ, ಬೈಸಿಕೊಳ್ಳಬೇಕಾದವಳೇ ನಾನು. ನಾಲ್ಕರಲ್ಲೂ ಒಂದೇ ಪ್ರಶ್ನೆ ಕೇಳಿದ್ದೀಯ: ಆಸ್ಟಿನ್‌ನಲ್ಲಿದ್ದ ನನ್ನ ಮಗಳು ಮಹತಿ ಆ ಮಂಗಳವಾರ ನೂರಮೂವತ್ತು ಮೈಲಿ ಆಚೆ, ಹಿಲ್ಸ್‌ಬರೊ ಹತ್ತಿರ, ಟ್ರಕ್ಕಿಗೆ ಹೇಗೆ ಸಿಕ್ಕಿದಳು? ಕಾರು ಆಸ್ಟಿನ್ ಕಡೆಗೇ ಹೋಗುತ್ತಿತ್ತು ಎಂದರಲ್ಲ, ಹಾಗಾದರೆ ಅವಳು ಎಲ್ಲಿಂದ ವಾಪಸಾಗುತ್ತಿದ್ದಳು? ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಮಾತು ಮರೆಸಿದ್ದೇನೆ. ನಿನ್ನ ದನಿ ಕೇಳುತ್ತಾ ಹೇಳುವ ಧೈರ್ಯ ನನಗಿಲ್ಲ.

ಇವರು ಚೆನ್ನಾಗಿದ್ದಾರೆ. ತಮ್ಮ ಬಿ.ಪಿ. ಮಾತ್ರೆ ಮರೆತು ನನ್ನ ಬಿ.ಪಿ. ಏರಿಸುತ್ತಾರೆ. ಮನೆ ಮಾತ್ರ ಚೆನ್ನಾಗಿಲ್ಲ. ಮಧ್ಯಾಹ್ನ ಶಾಲೆಯಿಂದ ಬಂದು ಕೂತರೆ ಹೊರಗೆ ಕಾರು ನಿಂತ ಸದ್ದಾಗುತ್ತದೆ. ಬಾಗಿಲು ತೆಗೆದರೆ ಬರೀ ಬಿಸಿಲು. ಇವರಿಗೆ ಕೇಳಿಸುವುದಿಲ್ಲ. ಈಚೆಗೆ ನಾನೂ ಕೇಳಿಸಿತೆಂದು ಹೇಳುವುದನ್ನು ಬಿಟ್ಟಿದ್ದೇನೆ.

ಶಾಲೆಯಲ್ಲಿ ಈಗ ಮಕ್ಕಳಿಗೆ ಪ್ಯೂರಿಟನ್ನರ ಪಾಠ ಮಾಡುತ್ತಿದ್ದೇನೆ. ನಾನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದು, ದೇವರು ಮೆಚ್ಚುವಂತೆ ಬದುಕುತ್ತೇವೆಂದು ಈ ದೇಶದ ಪೂರ್ವ ಕರಾವಳಿಯಲ್ಲಿ ಊರು ಕಟ್ಟಿದವರು ಅವರು. ನಡುವೆ ಪ್ರಾರ್ಥನಾ ಮಂದಿರ, ಸುತ್ತ ಸಂಸಾರಗಳು, ಜಾಗ ಸಾಲದಾದಾಗ ಆಚೆಗೆ ಇನ್ನೊಂದು ಊರು. ನಮ್ಮವರೂ ಹಾಗೇ ತಾನೆ? ದೇವಸ್ಥಾನ, ದಿನಸಿ ಅಂಗಡಿ, ಹತ್ತು ಮನೆ. ಒಂದು ಮನೆಯಲ್ಲಿ ಸೀನಿದರೆ ಹತ್ತೂ ಮನೆಗೆ ಸುದ್ದಿ.

ಅವರಲ್ಲೊಂದು ಕಟ್ಟಳೆಯಿತ್ತು. ಯಾರೂ ಒಂಟಿಯಾಗಿ ಇರಕೂಡದು, ಯಾವುದಾದರೂ ಸಂಸಾರದ ಅಂಕೆಯಲ್ಲಿರಬೇಕು. ಗಂಡನನ್ನು ಬಿಟ್ಟು ಬಂದವಳನ್ನು ಗಂಡನ ಮನೆಗೇ ಕಳಿಸುತ್ತಿದ್ದರು. ಪ್ರತಿ ವರ್ಷ ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು, ಪಾತ್ರಗಳ ಚೀಟಿ ಎತ್ತಿಸಿ, ಮಕ್ಕಳಿಂದ ಊರು ಕಟ್ಟಿಸುತ್ತೇನೆ. ಈ ಸಲ ಒಂಟಿ ಹೆಂಗಸಿನ ಚೀಟಿ ದಿಯಾ ಎಂಬ ಹುಡುಗಿಗೆ ಬಂತು. ಐದೇ ನಿಮಿಷದಲ್ಲಿ ಊರಿನವರೆಲ್ಲ ಸೇರಿ ಅವಳನ್ನು ಒಂದು ಚೌಕದೊಳಗೆ ನಿಲ್ಲಿಸಿದರು. ಆ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು, ಅವಳು ಓಡಿ ಬಂದದ್ದೇ ಆ ಮನೆಯಿಂದಾದರೆ ಏನು ಮಾಡುತ್ತಿದ್ದರು ಎಂದು. ನಾನು ತಲೆಯೆತ್ತಿ ನೋಡಿದೆ. ಚೌಕದೊಳಗೆ ನಿಂತಿದ್ದದ್ದು ನಮ್ಮ ಮಹತಿ, ಅಕ್ಕ. ಅದೇ ಇಳಿಬಿದ್ದ ಭುಜ. ಕಣ್ಣುಜ್ಜಿಕೊಂಡು ನೋಡಿದರೂ ಅವಳೇ.

ನಿನಗೆ ಮುಚ್ಚಿಟ್ಟದ್ದನ್ನು ಈಗ ಹೇಳುತ್ತೇನೆ. ಅವಳು ನಮ್ಮನ್ನೆಲ್ಲ ಬಿಟ್ಟು ಹೋಗುವ ಎರಡು ತಿಂಗಳ ಮುಂಚೆ ಒಂದು ಸೂಟ್‌ಕೇಸ್ ಹಿಡಿದು ನಮ್ಮ ಮನೆಗೆ ಬಂದಿದ್ದಳು.

"ಪ್ರಶಾಂತ್ ದಿನಾ ಕಾರಿನ ಮೈಲಿ ನೋಡ್ತಾರೆ ಚಿಕ್ಕಮ್ಮ. ಎರಡು ಮೈಲಿ ಜಾಸ್ತಿ ಆದ್ರೆ ಬೆಳಗಿನ ತನಕ ಕೂರಿಸಿ ಕೇಳ್ತಾರೆ. ಒಂದು ರೂಮ್ ನೋಡಿದೀನಿ. ಒಬ್ಳೇ ಇರ್ತೀನಿ. ಕೀ ಸಿಗೋವರೆಗೂ ಒಂದು ವಾರ ಇಲ್ಲಿರ್ಲಾ?"

"ಒಬ್ಳೇನಾ? ಜನ ಏನಂತಾರೆ? ನಿಮ್ಮಮ್ಮಂಗೆ ಏನು ಹೇಳ್ಲಿ?" ಎಂದೆ. ಅವಳು ಸ್ನಾನಕ್ಕೆ ಹೋದಾಗ ಪ್ರಶಾಂತನಿಗೆ ಫೋನ್ ಮಾಡಿದೆ. ಅವನು ಬಂದ. ಹಣ್ಣಿನ ಬುಟ್ಟಿ ತಂದಿದ್ದ, ನನ್ನ ಕಾಲಿಗೂ ಬಿದ್ದ. ಇವರು "ಅವಳನ್ನೊಂದು ಮಾತು ಕೇಳೇ" ಎಂದರು. ನಾನು ಕೇಳಲಿಲ್ಲ. ಮನೆಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವಳ ಜೀನ್ಸ್ ಮೇಲೆ ನನ್ನದೊಂದು ದುಪಟ್ಟಾ ಹೊದಿಸಿ, ಅದರ ತುದಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ ಹಾಕಿ ಮಡಿಲು ತುಂಬಿದೆ. ಅವಳು ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾರು ಹತ್ತಿದಳು. ಒಳ್ಳೆಯ ಕೆಲಸ ಮಾಡಿದೆನೆಂದು ಅವತ್ತು ನನಗೆ ಸಮಾಧಾನವಾಗಿತ್ತು. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಚಿನ್ಮಯ್‌ಗೆ ಚಿಕ್ಕಮ್ಮನ ಆಶೀರ್ವಾದ. ಮಗಳು ಬರುವುದಾದರೆ ಬರಲಿ ಎಂದು ಬಾಗಿಲು ತೆರೆದಿಡುವ ಬುದ್ಧಿಯನ್ನು ದೇವರು ಎಲ್ಲ ಮನೆಗೂ ಕೊಡಲಿ.

ಇಂತು ನಿನ್ನ ತಂಗಿ,
ನಾಗಮಣಿ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತೂ ಬರೆಯಲಾಗಲಿಲ್ಲ. ಅವಳು ಎಲ್ಲಿಂದಲೂ ವಾಪಸಾಗುತ್ತಿರಲಿಲ್ಲ ಅಕ್ಕ, ನನ್ನ ಹತ್ತಿರ ಬರುತ್ತಿದ್ದಳು. ಹಿಲ್ಸ್‌ಬರೊದ ಗ್ಯಾಸ್ ಸ್ಟೇಷನ್‌ನಲ್ಲಿ ಕಾರು ನಿಲ್ಲಿಸಿ ಫೋನ್ ಮಾಡಿದಳು. "ಇನ್ನೊಂದು ಗಂಟೆಲಿ ನಿಮ್ಮನೇಲಿರ್ತೀನಿ. ಈ ಸಲ ಅವ್ರಿಗೆ ಹೇಳ್ಬೇಡಿ." ನಾನು, "ಗಂಡಂಗೆ ಹೇಳ್ದೆ ಬಂದ್ರೆ ಬಾಗಿಲು ತೆಗೆಯಲ್ಲ. ಈಗ್ಲೇ ತಿರುಗಿಸ್ಕೊಂಡು ಹೋಗು" ಎಂದೆ. ಆಮೇಲೆ ಪೊಲೀಸರು ಆ ಫೋನಿನ ಬಗ್ಗೆ ಕೇಳಿದಾಗ, ಸುಮ್ಮನೆ ಕ್ಷೇಮ ವಿಚಾರಿಸಲು ಮಾಡಿದ್ದಳು ಎಂದೆ. ಅವತ್ತು ಫೋನಿನಲ್ಲಿ ಅವಳು ಅಳಲಿಲ್ಲ, ವಾದಿಸಲಿಲ್ಲ. "ಆಯ್ತು ಚಿಕ್ಕಮ್ಮ, ಹೋಗ್ತೀನಿ. ನೀವು ಬೇಜಾರು ಮಾಡ್ಕೋಬೇಡಿ" ಎಂದು ಫೋನ್ ಇಟ್ಟಳು.